ಮೂರು ತೂತಿನ ಚೀಟಿ

೪ ಮಾರ್ಚ್

ತಮ್ಮಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಆ ಬ್ಯಾನರ್ ಇಳಿಸು.

ಇವತ್ತು ಮಧ್ಯಾಹ್ನ ಡ್ಯೂಟಿಗೆ ಬರುವಾಗ ನೋಡಿದೆ. ಆಸ್ಪತ್ರೆ ಗೇಟಿನ ಎದುರಿಗೇ, ಔಷಧಿ ಅಂಗಡಿಯ ಮಹಡಿಯಿಂದ ಫುಟ್‌ಪಾತಿನವರೆಗೆ ಇಳಿಬಿಟ್ಟಿದ್ದೀರಿ. ಅಪ್ಪನ ಚೀಟಿ, ಬಾಗಿಲಿಗಿಂತ ದೊಡ್ಡದು. ಅಪ್ಪನ ಹೆಸರು, ವಯಸ್ಸು ಎಪ್ಪತ್ತೊಂದು, ‘ಎದೆ ಉರಿ’ ಎನ್ನುವ ಗುಮಾಸ್ತನ ಕೋಳಿಕಾಲಿನ ಅಕ್ಷರ, ಮಡಿಕೆಯ ಗೆರೆ, ಕಾಗದದ ತೂತು, ಒಂದನ್ನೂ ಬಿಟ್ಟಿಲ್ಲ. ಯಾರು ಬರೆದದ್ದು ಅಂತ ಕೇಳಬೇಕಾಗಲಿಲ್ಲ. ಇಷ್ಟು ಶ್ರದ್ಧೆಯಿಂದ ನಕಲು ಮಾಡುವ ಬೋರ್ಡ್ ಬರೆಯುವವನು ಈ ಊರಿನಲ್ಲಿ ಇನ್ನೊಬ್ಬನಿಲ್ಲ. ಪರೀಕ್ಷೆಗಳಲ್ಲೂ ನೀನು ಪಾಸಾದದ್ದು ಹೀಗೆಯೇ.

ಕೆಳಗೆ ಕೆಂಪು ಬಣ್ಣದಲ್ಲಿ, ‘ಆರೂವರೆ ಗಂಟೆ ಬೆಂಚಿನ ಮೇಲೆ. ನರ್ಸ್ ತಲೆ ಎತ್ತಿಯೂ ನೋಡಲಿಲ್ಲ.’

ಆರೂವರೆ ಎಲ್ಲಿಂದ ಬಂತು? ಅವರ ಚೀಟಿ ಕಟ್ಟಿನಲ್ಲಿ ಕೊನೆಯದಾಗಿತ್ತು. ಅಂದರೆ ಎರಡು ಗಂಟೆಗೆ ಸ್ವಲ್ಪ ಮುಂಚೆ ಬಂದಿದ್ದಾರೆ. ಆರೂವರೆಗೆ ಹೋದರು. ನಾಲ್ಕೂವರೆ ಗಂಟೆ. ಅದೇನು ಕಡಿಮೆಯೇ, ಇನ್ನೆರಡು ಸೇರಿಸಿ ಹಿಗ್ಗಿಸಬೇಕೇ?

ಅಪ್ಪ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ, ನಾನು ಡ್ಯೂಟಿಯಲ್ಲಿದ್ದಾಗ, ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದ ಕಂಬದ ಹಿಂದೆ ಸತ್ತರು. ಅದನ್ನು ನನಗೆ ಬ್ಯಾನರ್ ಕಟ್ಟಿ ಜ್ಞಾಪಿಸಬೇಕಾಗಿಲ್ಲ. ನವೆಂಬರ್ ಹನ್ನೆರಡರಿಂದ ದಿನಾ ಆ ಕಂಬವನ್ನು ದಾಟಿಯೇ ಕೆಲಸ ಮಾಡುತ್ತಿದ್ದೇನೆ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಕೂಗುತ್ತೀ, ನಾನು ಇಟ್ಟುಬಿಡುತ್ತೇನೆ. ಕಾಗದ ಬರೆ.

ನಿನ್ನ ಅಕ್ಕ


೧೧ ಮಾರ್ಚ್

ಹಿರಿಯ ಸಿಸ್ಟರ್ ಅವರಿಗೆ,

ಬ್ಯಾನರ್ ಇಳಿಯುವುದಿಲ್ಲ. ಇನ್ನೂ ಹದಿನಾಲ್ಕು ಬರೆದಿಟ್ಟಿದ್ದೇನೆ, ಹದಿನಾಲ್ಕು ಊರಿಗೆ.

ಆರೂವರೆ ಎಲ್ಲಿಂದ ಬಂತು ಅಂತ ಕೇಳಿದ್ದೀ. ಅಪ್ಪನ ಜೇಬಿನಿಂದ. ನಿಮ್ಮ ಆಸ್ಪತ್ರೆಯವರು ಅಂಗಿ, ಕನ್ನಡಕ, ಚೀಟಿ ಎಲ್ಲ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರಲ್ಲ, ಅದರಲ್ಲಿ ಬಸ್ ಟಿಕೆಟ್ ಇತ್ತು. ಹನ್ನೊಂದು ನಲವತ್ತು, ಆಸ್ಪತ್ರೆ ಸ್ಟಾಪು. ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವರು ಟಿಕೆಟ್ ಬಿಸಾಡುತ್ತಾರೆಯೇ? ಹನ್ನೆರಡು ಗಂಟೆಗೆ ಅವರು ನಿಮ್ಮ ಕಿಟಕಿಯ ಮುಂದೆ ಇದ್ದರು. ಲೆಕ್ಕ ಸರಿಯಾಯಿತೇ?

‘ನರ್ಸ್’ ಅಂತ ಬರೆದಿದ್ದೇನೆ, ‘ಅಕ್ಕ’ ಅಂತ ಬರೆದಿಲ್ಲ. ಊರಲ್ಲಿ ಸಾವಿರ ನರ್ಸುಗಳಿದ್ದಾರೆ. ನಿನಗೆ ಯಾಕೆ ತಾಗಿತು?

ನಿನಗೆ ಗೊತ್ತಿರಲಿ ಅಂತ ಇದೊಂದು ಹೇಳುತ್ತೇನೆ. ಹೋದ ತಿಂಗಳು ನನ್ನ ಅಂಗಡಿಯ ಬಾಗಿಲ ಮೇಲೆ ‘೬½’ ಅಂತ ಬರೆದೆ. ಬೇರೇನೂ ಇಲ್ಲ. ಎದುರಿನ ಬೇಕರಿಯವನು ಕೇಳಿದ, ಹೇಳಿದೆ. ಅವನು ಒಳಗೆ ಹೋಗಿ ಯೋಚನೆ ಮಾಡಿ ಬಂದು, ‘ನನ್ನ ಶಟರ್ ಮೇಲೆ ಒಂಬತ್ತು ಬರೀ. ಹೆಂಡತಿ ಹೆರಿಗೆ ನೋವಿನಲ್ಲಿ ಒಂಬತ್ತು ಗಂಟೆ ಕಾರಿಡಾರಲ್ಲಿ ನಿಂತಿದ್ಲು’ ಅಂದ. ವಾರದೊಳಗೆ ನಮ್ಮ ಬೀದಿಯಲ್ಲಿ ಅಂಕೆ ಇಲ್ಲದ ಬಾಗಿಲು ನಾಲ್ಕೇ ಉಳಿದವು. ಮೂಲೆ ಮನೆಯ ಅಜ್ಜಿ ‘೨’ ಬರೆಸಿಕೊಂಡರು. ‘ಅಜ್ಜಿ, ಎರಡೇ ಗಂಟೆನಾ, ಪುಣ್ಯವಂತರು ನೀವು’ ಅಂದೆ. ‘ಗಂಟೆ ಅಲ್ಲಪ್ಪಾ, ವರ್ಷ. ಕಣ್ಣಿನ ಆಪರೇಷನ್ನಿಗೆ’ ಅಂದರು.

ಈಗ ಲಾಯರಮ್ಮ ಅಂತ ಒಬ್ಬರು ಇದನ್ನು ಚಳವಳಿ ಮಾಡಿದ್ದಾರೆ. ಹೆಸರು ‘ಬಾಗಿಲ ಮೇಲಿನ ಗಂಟೆ’. ನಾವು ಕೇಳುತ್ತಿರುವುದು ಮೂರೇ. ಚೀಟಿಯ ಮೇಲೆ ರೋಗಿ ಬಂದ ಹೊತ್ತು ಇರಬೇಕು. ಮಧ್ಯಾಹ್ನವೂ ವೈದ್ಯರು ಇರಬೇಕು. ಕಾಯಿಸಿ ಕೊಂದರೆ ಯಾರು ಹೊಣೆ ಎನ್ನುವುದಕ್ಕೆ ಕಾಯಿದೆ ಬೇಕು. ಅಪ್ಪ ಸತ್ತ ಮೂರನೇ ದಿನಕ್ಕೇ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಡ್ಯೂಟಿಗೆ ಹೋದವಳಿಗೆ ಇದೆಲ್ಲ ಅರ್ಥವಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಬೋರ್ಡ್ ಬರೆಯುವವನು


೨೦ ಮಾರ್ಚ್

ತಮ್ಮಾ,

ಮೂರನೇ ದಿನಕ್ಕೆ ಯಾಕೆ ಹೋದೆ ಎಂದರೆ ನನ್ನ ಬದಲಿಗೆ ಕೂರಲು ಯಾರೂ ಇರಲಿಲ್ಲ. ನಾನು ಮನೆಯಲ್ಲಿ ಕೂತು ಅತ್ತಿದ್ದರೆ ಅವತ್ತು ಇನ್ನಾರದೋ ಅಪ್ಪ ಬೆಂಚಿನ ಮೇಲೆ ಉಳಿಯುತ್ತಿದ್ದ. ಇದನ್ನೂ ಬ್ಯಾನರ್ ಮೇಲೆ ಬರೆ.

ನಿನ್ನ ಮೂರು ಬೇಡಿಕೆಗಳಲ್ಲಿ ಮೊದಲನೆಯದು ನನ್ನದು. ಚೀಟಿಯಲ್ಲಿ ಹೊತ್ತು ಬರೆಯಲು ಒಂದು ಚೌಕ ಹಾಕಿಸಿ ಅಂತ ಆರು ವರ್ಷಗಳಲ್ಲಿ ಹನ್ನೊಂದು ಅರ್ಜಿ ಕೊಟ್ಟಿದ್ದೇನೆ. ಅಧೀಕ್ಷಕರು ಒಂದಕ್ಕೂ ಉತ್ತರಿಸಲಿಲ್ಲ. ಹನ್ನೆರಡನೆಯದನ್ನು ಕೊಡಲು ಹೋದಾಗ, ‘ಸಿಸ್ಟರ್, ನಿಮಗೆ ಬೇರೆ ಕೆಲಸ ಇಲ್ವಾ?’ ಅಂದರು. ಟೋಕನ್ ಯಂತ್ರ ಕೆಟ್ಟು ನಾಲ್ಕು ವರ್ಷ. ಅದರ ಮೇಲೆ ಈಗ ಹೂದಾನಿ ಇಟ್ಟಿದ್ದಾರೆ.

ಹಾಗಾದರೆ ಸಾಲು ಹೇಗೆ ನಡೆಯುತ್ತದೆ? ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನನ್ನ ಮೇಜಿನ ಮೇಲೆ ಒಂದು ಮೊಳೆ ಇದೆ. ಮರದ ತುಂಡಿಗೆ ಹೊಡೆದ, ಗೇಣುದ್ದದ, ಮೇಲ್ಮುಖವಾಗಿ ನಿಂತ ಮೊಳೆ. ಹನ್ನೆರಡರಿಂದ ಎರಡರವರೆಗೆ ವೈದ್ಯರಿಲ್ಲ. ಆ ಹೊತ್ತಿನಲ್ಲಿ ಬಂದವರ ಚೀಟಿಗಳನ್ನು ಒಂದರ ಮೇಲೊಂದು ಆ ಮೊಳೆಗೆ ಚುಚ್ಚುತ್ತಾ ಹೋಗುತ್ತೇವೆ. ಮೊದಲು ಬಂದವರು ಅಡಿಯಲ್ಲಿ, ಕೊನೆಗೆ ಬಂದವರು ಮೇಲೆ. ಎರಡು ಗಂಟೆಗೆ ಪಾಳಿ ಬದಲಾಗುತ್ತದೆ. ಒಳಗೆ ಬರುವ ನರ್ಸು ಕಟ್ಟನ್ನು ಕಿತ್ತು, ಒಂದೊಂದಾಗಿ ತಿರುವಿ, ಅಡಿಯದು ಮೇಲೆ ಬರುವ ಹಾಗೆ ಮತ್ತೆ ಚುಚ್ಚಬೇಕು. ಆಮೇಲೆ ಮೇಲಿನಿಂದ ಒಂದೊಂದೇ ತೆಗೆದು ಕರೆಯುವುದು. ಎರಡರ ನಂತರ ಬಂದವರದು ಬೇರೆ ಮೊಳೆ. ಇಷ್ಟೇ ನಮ್ಮ ವ್ಯವಸ್ಥೆ. ಇಷ್ಟು ದೊಡ್ಡ ಆಸ್ಪತ್ರೆಯ ಅರ್ಧ ದಿನ ಆ ಮೊಳೆಯ ಮೇಲೆ ನಿಂತಿದೆ. ಬೆನ್ನ ಹಿಂದೆ ನನ್ನನ್ನು ‘ಮೊಳೆ ಸಿಸ್ಟರ್’ ಅಂತ ಕರೆಯುತ್ತಾರೆ, ನನಗೆ ಗೊತ್ತಿದೆ.

ಬರೆಯುವುದಾದರೆ ಮೊಳೆಯ ಬಗ್ಗೆ ಬರೆ. ನರ್ಸಿನ ತಲೆಯ ಬಗ್ಗೆ ಬೇಡ. ತಲೆ ಎತ್ತಿದರೆ ಎದುರಿಗೆ ಇನ್ನೂರು ಮುಖ. ಒಂದನ್ನು ನೋಡಿದರೆ ಉಳಿದವರಿಗೆ ಮೋಸ. ಅದಕ್ಕೇ ನಾನು ಚೀಟಿ ತಿರುವುವಾಗ ಹೆಸರು ಓದುವುದಿಲ್ಲ. ಓದಿದರೆ ನೆಂಟರು, ನೆರೆಯವರು, ಅಧೀಕ್ಷಕರ ಭಾವಮೈದುನ ಎಲ್ಲರೂ ಮೇಲಕ್ಕೆ ಬರುತ್ತಾರೆ. ಇಪ್ಪತ್ತಾರು ವರ್ಷಗಳಲ್ಲಿ ಒಬ್ಬರ ಚೀಟಿಯನ್ನೂ ಸಾಲು ತಪ್ಪಿಸಿಲ್ಲ.

ಬ್ಯಾನರ್ ಇನ್ನೂ ಅಲ್ಲೇ ಇದೆ.

ಅಕ್ಕ


೨ ಏಪ್ರಿಲ್

ಅಕ್ಕಾ,

ನಿನ್ನ ಕಾಗದವನ್ನು ಲಾಯರಮ್ಮನಿಗೆ ಓದಿ ಹೇಳಿದೆ. ಸಿಟ್ಟು ಬರಲಿ ಅಂತಲೇ ಹೇಳುತ್ತಿದ್ದೇನೆ. ಅವರು ನಕ್ಕರು. ‘ಮೊಳೆ ಮೇಲೆ ಯಾರಿಗೆ ಸಿಟ್ಟು ಬರುತ್ತೆ? ಜನ ಏಳಬೇಕು ಅಂದ್ರೆ ಅವರಿಗೆ ಒಂದು ಮುಖ ಬೇಕು’ ಅಂದರು. ನನಗೂ ಅದೇ ಸರಿ ಅನಿಸಿತು. ಮೊನ್ನೆ ನೂಲಿನ ಗಿರಣಿಯ ಗೇಟಿನಲ್ಲಿ ಮಾತಾಡಿದೆ. ಟೋಕನ್ ಯಂತ್ರ, ಮಧ್ಯಾಹ್ನದ ವೈದ್ಯರು ಅಂತ ಹೇಳುವಾಗ ಜನ ಊಟದ ಡಬ್ಬಿ ಬಿಚ್ಚುತ್ತಿದ್ದರು. ‘ನರ್ಸ್ ತಲೆ ಎತ್ತಲಿಲ್ಲ’ ಅಂದೆ ನೋಡು, ಡಬ್ಬಿ ಮುಚ್ಚಿದರು. ಮುನ್ನೂರು ಜನ ಕುಂಚ ಕೇಳಿದರು.

ಅಷ್ಟು ಸಾಲು ಸಾಲು ಅನ್ನುವವಳು ನಮ್ಮ ಜತೆ ಬಾ. ಆಗಸ್ಟ್ ಆರಕ್ಕೆ ಸರಕಾರದ ಆಯೋಗ ಅಹವಾಲು ಕೇಳುತ್ತದಂತೆ. ನಿನ್ನ ಹನ್ನೊಂದು ಅರ್ಜಿಗಳ ನಕಲು ಹಿಡಿದುಕೊಂಡು ಬಂದು ಸಾಕ್ಷಿ ಹೇಳು. ಒಳಗಿನವರು ಒಬ್ಬರು ಬಾಯಿ ಬಿಟ್ಟರೆ ಹೊರಗಿನವರು ಲಕ್ಷ ಜನ ಕೂಗಿದ್ದಕ್ಕೆ ಸಮ. ಬರದಿದ್ದರೆ, ಆಸ್ಪತ್ರೆಯ ಅನ್ನ ತಿಂದವಳು ಆಸ್ಪತ್ರೆಯ ಪರ ಅಂತಲೇ ನಾನು ತಿಳಿಯುತ್ತೇನೆ.

ತಮ್ಮ


೯ ಏಪ್ರಿಲ್

ಬರುವುದಿಲ್ಲ.

ಅಕ್ಕ


೧೭ ಮೇ

ಅಕ್ಕಾ,

ಗೆದ್ದೆವು! ಸಿಹಿ ಸುದ್ದಿಯನ್ನು ನಿನಗೆ ನಾನೇ ತಿಳಿಸಬೇಕು ಅಂತ ಆಸೆ. ನಿನ್ನೆ ಗೇಟಿನ ಮುಂದೆ ನಾಲ್ಕು ಸಾವಿರ ಜನ ಸೇರಿದ್ದೆವು. ನೀನು ಕಿಟಕಿಯಿಂದ ನೋಡಿರುತ್ತೀ, ಪರದೆ ಅಲುಗಾಡಿದ್ದು ಕಂಡಿತು. ಮೂರು ಗಂಟೆಗೆ ಅಧೀಕ್ಷಕರೇ ಮೆಟ್ಟಿಲಿಗೆ ಬಂದು, ‘ನವೆಂಬರ್ ಹನ್ನೆರಡರ ಘಟನೆಗೆ ಕಾರಣಳಾದ ನರ್ಸನ್ನು ಕೆಲಸದಿಂದ ತೆಗೆದಿದ್ದೇವೆ’ ಅಂತ ಓದಿದರು. ಆ ಕೂಗು ನೀನು ಕೇಳಬೇಕಿತ್ತು. ನನ್ನನ್ನು ಹೆಗಲ ಮೇಲೆ ಎತ್ತಿದರು. ನಲವತ್ತೈದು ವರ್ಷದವನನ್ನು, ಈ ಹೊಟ್ಟೆ ಸಮೇತ. ಬೇಕರಿಯವನಿಗೆ ಇವತ್ತು ಸೊಂಟ ಹಿಡಿದಿದೆ.

ಒಂದು ಕ್ಷಣ ಆ ನರ್ಸು ನೀನೇ ಎಂದುಕೊಂಡೆ. ಅಲ್ಲ ಅಂತ ಗೊತ್ತಾದಾಗ ಸಮಾಧಾನವಾಯಿತೋ ಬೇಸರವಾಯಿತೋ ನನಗೇ ತಿಳಿಯಲಿಲ್ಲ.

ಹದಿನಾಲ್ಕು ಊರು ಈಗ ಮೂವತ್ತೊಂದಾಗಿದೆ. ಎಲ್ಲ ಕಡೆಯಿಂದ ಬಣ್ಣ ಕೇಳುತ್ತಿದ್ದಾರೆ.

ತಮ್ಮ


೨೧ ಮೇ

ಹೆಗಲೇರಿದ ವೀರನಿಗೆ,

ಯಾರನ್ನು ತೆಗೆದರು ಅಂತ ವಿಚಾರಿಸಿದೆಯಾ?

ಅವಳನ್ನು ನಾವು ಗಿಳಿ ಅಂತ ಕರೆಯುತ್ತೇವೆ. ಬೆಳಗಿನ ಪಾಳಿಯವಳು, ಮೂರು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದಳು. ಬಾಯಿ ಮುಚ್ಚುವುದೇ ಇಲ್ಲ. ಇಂಜೆಕ್ಷನ್ ಕೊಡುವಾಗಲೂ ಮಾತು, ಅದಕ್ಕೇ ಮಕ್ಕಳು ಅವಳ ಹತ್ತಿರ ಅಳುವುದಿಲ್ಲ. ಅಪ್ಪನ ಚೀಟಿಯನ್ನು ಮೊಳೆಗೆ ಚುಚ್ಚಿದ್ದು ಅವಳೇ, ನಿಜ. ಅಪ್ಪ ಬಂದದ್ದು ಅವಳ ಪಾಳಿಯಲ್ಲಿ, ನಿಜ. ಅಷ್ಟೇ ಅವಳ ಅಪರಾಧ. ಗುತ್ತಿಗೆಯವಳನ್ನು ತೆಗೆಯಲು ಒಂದು ಸಹಿ ಸಾಕು, ವಿಚಾರಣೆ ಬೇಡ. ಜನ ಒಂದು ತಲೆ ಕೇಳಿದರು, ಇವರು ಎಲ್ಲಕ್ಕಿಂತ ಸುಲಭದ ತಲೆಯನ್ನು ಕೊಟ್ಟರು. ನೀವು ಚಪ್ಪಾಳೆ ತಟ್ಟಿದಿರಿ.

ಅವಳು ಬೀರು ಖಾಲಿ ಮಾಡುವಾಗ ನಾನು ಪಕ್ಕದಲ್ಲಿದ್ದೆ. ಒಂದು ಬಾಚಣಿಗೆ, ಒಂದು ಜತೆ ಕಾಲುಚೀಲ, ಪರೀಕ್ಷೆಗೆ ಓದುತ್ತಿದ್ದ ಪುಸ್ತಕ. ‘ಸಿಸ್ಟರ್, ನಾನು ಆ ತಾತನ್ನ ನೋಡಿದ್ದೆ, ತಲೆ ಎತ್ತೇ ನೋಡಿದ್ದೆ. ಕೂತ್ಕೊಳ್ಳಿ ತಾತ ಅಂದಿದ್ದೆ’ ಅಂದಳು. ಆಮೇಲೆ ಮಾತಾಡಲಿಲ್ಲ. ಗಿಳಿ ಮಾತಾಡದೆ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

ಇವತ್ತು ಮಧ್ಯಾಹ್ನ ನಾನು ಕೂತಾಗ ಮೊಳೆ ಅಲ್ಲೇ ಇತ್ತು. ಹೊತ್ತು ಬರೆಯುವ ಚೌಕ ಇರಲಿಲ್ಲ, ವೈದ್ಯರೂ ಇರಲಿಲ್ಲ. ಒಬ್ಬ ನರ್ಸು ಕಡಿಮೆಯಾಗಿದ್ದಳು. ಇದೇ ನೀವು ತಂದ ಸುಧಾರಣೆ. ನನಗೆ ನಿನ್ನನ್ನು ಕಂಡರೆ ಹೇಸಿಗೆಯಾಗುತ್ತಿದೆ.

ಅಕ್ಕ


೩ ಜೂನ್

ಅಕ್ಕಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಬರೆದು ಬರೆದು ಹರಿದೆ.

ಆ ಹುಡುಗಿಯ ವಿಷಯ ನನಗೆ ಗೊತ್ತಿರಲಿಲ್ಲ. ಲಾಯರಮ್ಮನಿಗೆ ಹೇಳಿದೆ. ‘ಪಾಪ, ಆದರೆ ಈಗ ನಾವೇ ಬಾಯಿಬಿಟ್ಟು ಅವಳಲ್ಲ ಅಂದರೆ, ಹಾಗಾದರೆ ಯಾರು ಅಂತ ಕೇಳ್ತಾರೆ. ಉತ್ತರ ಇದೆಯಾ?’ ಅಂದರು.

ಅದೇ ಪ್ರಶ್ನೆಯನ್ನು ನಿನಗೆ ದಾಟಿಸುತ್ತಿದ್ದೇನೆ. ಅಪ್ಪ ಹನ್ನೆರಡಕ್ಕೆ ಬಂದವರು. ನಿನ್ನ ಮೊಳೆಯ ಪ್ರಕಾರ, ತಿರುವಿದ ಮೇಲೆ ಅವರದೇ ಮೇಲಿನ ಚೀಟಿ ಆಗಬೇಕಿತ್ತು. ನೀನೇ ಬರೆದಿದ್ದೀ, ಅವರದು ಕೊನೆಯದಾಗಿತ್ತು ಅಂತ. ಹೇಗೆ? ಎರಡರಿಂದ ಆ ಮೇಜಿನಲ್ಲಿ ಕೂತಿದ್ದವಳು ನೀನು. ಗಿಳಿಯಲ್ಲ ಅಂತ ಅಷ್ಟು ಖಂಡಿತವಾಗಿ ಹೇಳುವವಳಿಗೆ ಯಾರು ಅಂತ ಗೊತ್ತಿರಲೇಬೇಕು. ಬೈಯಲು ನಾಲ್ಕು ಪುಟ ಬರೆಯುತ್ತೀ. ಇದನ್ನು ಬರೆ.

ತಮ್ಮ


೧೯ ಜುಲೈ

ತಮ್ಮಾ,

ಆರು ವಾರ ತಡಮಾಡಿದೆ. ನಿನ್ನಂತೆ ನಾನೂ ಬರೆದು ಹರಿದೆ.

ನಿನ್ನ ಹತ್ತಿರ ಇರುವ ಅಪ್ಪನ ಚೀಟಿಯನ್ನು ಬೆಳಕಿಗೆ ಹಿಡಿದು ನೋಡು. ತೂತು ಎಷ್ಟಿವೆ, ಎಣಿಸು. ಮೂರು. ಸರಿಯಾಗಿ ನಡೆದ ದಿನ ಚೀಟಿಗೆ ಎರಡೇ ತೂತು. ಬಂದಾಗ ಚುಚ್ಚಿದ್ದು ಒಂದು, ಎರಡು ಗಂಟೆಗೆ ತಿರುವಿ ಚುಚ್ಚಿದ್ದು ಇನ್ನೊಂದು. ಹಳೆಯ ತೂತನ್ನು ಹುಡುಕಿ ಚುಚ್ಚುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಮೂರು ತೂತು ಇದ್ದರೆ ಕಟ್ಟನ್ನು ಎರಡು ಸಲ ತಿರುವಿದ್ದಾರೆ ಎಂದರ್ಥ. ಎರಡು ಸಲ ತಿರುವಿದರೆ ಮೊದಲು ಬಂದವರು ಮತ್ತೆ ಅಡಿಗೇ ಹೋಗುತ್ತಾರೆ.

ನೀನು ಬ್ಯಾನರ್ ಮೇಲೆ ಮೂರನ್ನೂ ಬರೆದಿದ್ದೆ. ಮಾರ್ಚ್ ನಾಲ್ಕರಂದು ಗೇಟಿನಲ್ಲಿ ನಿಂತು ಎಣಿಸಿದೆ. ಅನುಮಾನ ಅವತ್ತೇ ಬಂತು. ನೀನು ಬಸ್ ಟಿಕೆಟ್ಟಿನ ಮಾತು ಬರೆದಾಗ ಅನುಮಾನವೂ ಉಳಿಯಲಿಲ್ಲ. ಇಳಿಸು ಇಳಿಸು ಎಂದದ್ದು ಅದಕ್ಕೆ. ದಿನಾ ಸಾವಿರ ಜನ ಅದರ ಮುಂದೆ ಹೋಗುತ್ತಿದ್ದರು, ಯಾರಿಗೂ ಅದು ಓದಲು ಬರುತ್ತಿರಲಿಲ್ಲ. ನನಗೊಬ್ಬಳಿಗೇ ಬರುತ್ತಿತ್ತು.

ಎರಡನೇ ಸಲ ತಿರುವಿದವಳು ನಾನು.

ಗಿಳಿಯನ್ನು ಏಪ್ರಿಲಿನಲ್ಲಿ ಮೆಲ್ಲಗೆ ಕೇಳಿದೆ. ‘ಹೂಂ ಸಿಸ್ಟರ್, ಅವತ್ತು ನಿಮ್ಮ ಮೊಣಕಾಲು ಊದಿತ್ತಲ್ಲ, ನಿಂತ್ಕೊಂಡು ತಿರುವೋದು ಕಷ್ಟ ಅಂತ ನಾನೇ ತಿರುವಿಟ್ಟಿದ್ದೆ. ಹೇಳೋಕೆ ಬಂದೆ. ನೀವು “ನಿನ್ನ ಮಾತು ಸಾಕು, ಹೊರಡು” ಅಂದ್ರಿ.’ ಹಾಗೆ ಅಂದಿದ್ದೆ. ದಿನಾ ಅನ್ನುತ್ತಿದ್ದೆ. ಅವಳ ಮಾತನ್ನು ಅರ್ಧಕ್ಕೆ ಕತ್ತರಿಸುವುದು ನನಗೊಂದು ಹೆಮ್ಮೆಯಾಗಿತ್ತು. ಕಟ್ಟನ್ನು ಕಿತ್ತೆ, ಅರವತ್ತಮೂರು ಚೀಟಿಗಳನ್ನು ಒಂದೊಂದಾಗಿ ತಿರುವಿದೆ. ಹೆಸರು ಓದಲಿಲ್ಲ. ಓದದಿರುವುದು ಇನ್ನೊಂದು ಹೆಮ್ಮೆ. ಅಪ್ಪನನ್ನು ನನ್ನ ಕೈಯಾರೆ ಅಡಿಗೆ ಹಾಕಿದೆ.

ಜವಾನ ಕರೆಯುತ್ತಿದ್ದ. ಆರೂವರೆಗೆ ಒಂದೇ ಚೀಟಿ ಉಳಿಯಿತು, ಅವನು ನೀರು ಕುಡಿಯಲು ಹೋಗಿದ್ದ, ನಾನೇ ಎತ್ತಿ ಓದಿದೆ. ಆ ಹೆಸರನ್ನು ಆ ಹಾಲಿನಲ್ಲಿ ಎರಡು ಸಲ ಕೂಗಿದೆ ತಮ್ಮಾ. ಮೊದಲ ಸಲ ರೋಗಿಯ ಹೆಸರು ಅಂತ ಕೂಗಿದೆ.

ಗಿಳಿಯನ್ನು ತೆಗೆದ ದಿನ ನಾನು ಹೇಳಬಹುದಿತ್ತು. ಹೇಳದೆ ನಿನಗೆ ಬೈದು ಕಾಗದ ಬರೆದೆ. ಹೇಸಿಗೆ ಎಂದೆ. ಅದರಲ್ಲಿ ಅರ್ಧ ನನಗೇ ಸೇರಬೇಕಿತ್ತು.

ಆಗಸ್ಟ್ ಆರಕ್ಕೆ ಬರುತ್ತೇನೆ. ನಿನ್ನ ಪರ ಅಲ್ಲ, ಆಸ್ಪತ್ರೆಯ ಪರವೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ. ಚೀಟಿಯನ್ನು ತಂದುಕೊಡು, ಅದಿಲ್ಲದೆ ಯಾರೂ ನಂಬುವುದಿಲ್ಲ.

ಅಕ್ಕ


೨೪ ಜುಲೈ

ಅಕ್ಕಾ,

ಎಣಿಸಿದೆ. ಮೂರು.

ನಾಲ್ಕು ತಿಂಗಳಿಂದ ಆ ಮೂರು ತೂತುಗಳನ್ನು ಮೂವತ್ತೊಂದು ಬ್ಯಾನರ್ ಮೇಲೆ ನನ್ನ ಕೈಯಲ್ಲೇ ದುಂಡಗೆ ಬರೆದಿದ್ದೇನೆ, ಒಳಗೆ ಕಪ್ಪು ತುಂಬಿ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಅಂತ ಕಾಗದದಲ್ಲಿ ಹೇಳಲು ಆಗುವುದಿಲ್ಲ. ಎದುರಿಗಿದ್ದಿದ್ದರೆ ಏನಾಗುತ್ತಿತ್ತೋ. ಇವತ್ತು ಅಂಗಡಿಯಲ್ಲಿ ಬಣ್ಣದ ಡಬ್ಬಿಯನ್ನು ಗೋಡೆಗೆ ಎಸೆದೆ. ಹಳದಿ ಬಣ್ಣ. ಇನ್ನೂ ಇಳಿಯುತ್ತಿದೆ.

ಆದರೆ ನೀನು ಬರಬೇಡ.

ಏಪ್ರಿಲಿನಲ್ಲಿ ಬಾ ಬಾ ಅಂತ ಕರೆದವನೇ ಹೇಳುತ್ತಿದ್ದೇನೆ. ಎರಡು ಲಕ್ಷ ಬಾಗಿಲಿಗೆ ಅಂಕೆ ಬಿದ್ದಿದೆ. ಲಾಯರಮ್ಮ ಹಗಲೂ ರಾತ್ರಿ ಓಡಾಡಿ ಸಾರಿಗೆಯವರನ್ನು, ಗಿರಣಿಯವರನ್ನು, ಮೇಷ್ಟ್ರುಗಳನ್ನು ಒಟ್ಟಿಗೆ ತಂದಿದ್ದಾರೆ. ಆಯೋಗದ ಮುಂದೆ ನೀನು ನಿಂತು ‘ತಪ್ಪು ನನ್ನದು’ ಎಂದ ಕೂಡಲೇ ಅಧೀಕ್ಷಕರು ಕೈ ತೊಳೆದುಕೊಳ್ಳುತ್ತಾರೆ. ‘ನೋಡಿ, ಚಳವಳಿಗಾರನ ಸ್ವಂತ ಅಕ್ಕನೇ ಅಪ್ಪನನ್ನು ಕಾಯಿಸಿದವಳು, ಇದು ಮನೆ ಜಗಳ’ ಅನ್ನುತ್ತಾರೆ. ಜನ ನಕ್ಕು ಮನೆಗೆ ಹೋಗುತ್ತಾರೆ. ಕಾಯಿದೆ ಬಂದ ಮೇಲೆ ಹೇಳಿಕೋ. ಆ ಹುಡುಗಿಗೂ ಆಮೇಲೆ ಏನಾದರೂ ಮಾಡೋಣ.

ಚೀಟಿಯನ್ನು ಕೊಡುವುದಿಲ್ಲ.

ತಮ್ಮ


೨೮ ಜುಲೈ

ತಮ್ಮಾ,

‘ಆಮೇಲೆ ಏನಾದರೂ ಮಾಡೋಣ.’ ನನ್ನ ಹನ್ನೊಂದು ಅರ್ಜಿಗಳಿಗೂ ಅಧೀಕ್ಷಕರು ಇದನ್ನೇ ಹೇಳಬಹುದಿತ್ತು. ಅವರಿಗೆ ಅಷ್ಟು ಸೌಜನ್ಯವೂ ಇರಲಿಲ್ಲ.

ನಾನು ಬರುತ್ತೇನೆ. ಮಾತಾಡುವವರ ಸಾಲಿನಲ್ಲಿ ನಿಲ್ಲುತ್ತೇನೆ, ಎಷ್ಟನೆಯವಳಾದರೂ ಸರಿ. ಅಲ್ಲಿ ನನ್ನನ್ನು ಅಕ್ಕ ಅಂತ ಕರೆಯಬೇಡ.

ಅಕ್ಕ


೧೪ ಆಗಸ್ಟ್

ಅಕ್ಕಾ,

ನಿನ್ನನ್ನು ಅಮಾನತು ಮಾಡಿದರಂತೆ. ಪೇಪರಿನಲ್ಲಿ ಓದಿದೆ. ನೀನು ಅವತ್ತು ಹೇಳಿ ಮುಗಿಸಿ, ಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಬಿಟ್ಟೆ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಅದನ್ನು ಹೇಳುವುದು ನನ್ನ ಕರ್ತವ್ಯ, ಪ್ರೀತಿಯಲ್ಲ.

ಮೊದಲು ನನ್ನ ಪಾಪ. ಆಯೋಗದ ಅಧ್ಯಕ್ಷರು ‘ಆ ಚೀಟಿ ಎಲ್ಲಿದೆ?’ ಎಂದು ಕೇಳಿದರಲ್ಲ, ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ಎರಡನೇ ಸಾಲಿನಲ್ಲಿ ಕೂತಿದ್ದೆ. ಏಳಲಿಲ್ಲ. ನೀನು ನನ್ನ ಕಡೆ ನೋಡಿದೆ, ನಾನು ನನ್ನ ಚಪ್ಪಲಿ ನೋಡಿದೆ. ಆಗ ನೀನು ತಿರುಗಿ, ವೇದಿಕೆಯ ಹಿಂದೆ ನಾವೇ ಕಟ್ಟಿದ್ದ ಬ್ಯಾನರಿನ ಹತ್ತಿರ ಕುಂಟಿಕೊಂಡು ಹೋಗಿ, ನಾನು ಬರೆದ ತೂತುಗಳ ಮೇಲೆ ಬೆರಳಿಟ್ಟು ಎಣಿಸಿದೆ. ‘ಇದು ಬಂದಾಗ. ಇದು ಗಿಳಿ. ಇದು ನಾನು.’ ನನ್ನ ಕೈ ಅಷ್ಟು ನಿಷ್ಠೆಯಿಂದ ನಕಲು ಮಾಡದಿದ್ದರೆ ನೀನು ಅವತ್ತು ಸುಳ್ಳಿಯಾಗಿ ಮನೆಗೆ ಹೋಗುತ್ತಿದ್ದೆ. ನಾನು ಬಿಟ್ಟುಬಿಡುತ್ತಿದ್ದೆ.

ನೀನು ಹೋದ ಮೇಲೆ ನಾನು ಹೆದರಿದ ಹಾಗೆಯೇ ಯಾರೋ ನಕ್ಕರು, ಯಾರೋ ‘ಮನೆ ಜಗಳ’ ಅಂದರು. ಅಧೀಕ್ಷಕರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಗೆದ್ದವರ ಹಾಗೆ. ಹಿಂದಿನ ಸಾಲುಗಳಲ್ಲಿ ನೂರಾರು ನರ್ಸುಗಳು ಕೂತಿದ್ದರಲ್ಲ, ನಮ್ಮ ವಿರುದ್ಧ ಕೂಗಲು ಬಂದವರು, ಅವರಲ್ಲಿ ಒಬ್ಬಾಕೆ ಎದ್ದಳು. ನಿನ್ನಷ್ಟೇ ವಯಸ್ಸು. ಬೇರೆ ಊರಿನವಳು. ‘ನಮ್ಮಲ್ಲೂ ಮೊಳೆನೇ’ ಅಂದಳು. ಅಷ್ಟೇ ಹೇಳಿ ಹೋಗಿ ಮಾತಾಡುವವರ ಸಾಲಿನಲ್ಲಿ ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಸಂಜೆ ಐದಕ್ಕೆ ಆ ಸಾಲು ಮೆಟ್ಟಿಲಿಳಿದು ಬೀದಿಯಲ್ಲಿತ್ತು. ಅಧೀಕ್ಷಕರು ಕರವಸ್ತ್ರ ಮಡಿಸಿ ಒಳಗಿಟ್ಟರು. ಆಯೋಗ ಎರಡು ದಿನ ಹೆಚ್ಚಿಗೆ ಕೂತಿತು. ಅದು ಇನ್ನೂ ಏನೂ ಕೊಟ್ಟಿಲ್ಲ, ಆ ಎರಡು ದಿನ ಬಿಟ್ಟು. ಆದರೆ ನರ್ಸುಗಳ ವಸತಿಗೃಹದ ಬಾಗಿಲುಗಳಿಗೆ ಅಂಕೆ ಬರೆಯಲು ನನ್ನನ್ನು ಕರೆದಿದ್ದಾರೆ. ಅವರದು ಕಾದ ಗಂಟೆಯಲ್ಲ, ಕೂರದೆ ನಿಂತ ಗಂಟೆ. ಲಾಯರಮ್ಮ ಮೂರು ದಿನ ನನ್ನ ಜತೆ ಮಾತು ಬಿಟ್ಟಿದ್ದರು. ನಾಲ್ಕನೇ ದಿನ ‘ಮುಖ ಬೇಕು ಅಂದಿದ್ದೆ, ಇಷ್ಟೊಂದು ಮುಖ ಅಂದಿರಲಿಲ್ಲ’ ಅಂತ ಗೊಣಗಿ ಹೋದರು.

ಗಿಳಿಯ ಮನೆಗೆ ಹೋಗಿದ್ದೆ. ಬಾಗಿಲು ತೆಗೆದಳು, ನಾನು ಯಾರು ಅಂತ ಹೇಳಿದೆ, ಮುಚ್ಚಿದಳು. ನಿನ್ನ ಹೆಸರು ಹೇಳಿದರೂ ತೆಗೆಯಲಿಲ್ಲ. ಅವಳನ್ನು ವಾಪಸ್ ತೆಗೆದುಕೊಳ್ಳಬೇಕು ಎನ್ನುವುದು ಈಗ ನಮ್ಮ ನಾಲ್ಕನೇ ಬೇಡಿಕೆ. ‘ನರ್ಸ್ ತಲೆ ಎತ್ತಿಯೂ ನೋಡಲಿಲ್ಲ’ ಎನ್ನುವ ಸಾಲಿಗೆ ಮೂವತ್ತೊಂದು ಕಡೆಯೂ ಬಿಳಿ ಬಣ್ಣ ಬಳಿಯುತ್ತಿದ್ದೇನೆ, ನಾನೇ ಹೋಗಿ.

ಇನ್ನೊಂದು ಉಳಿದಿದೆ. ಇದನ್ನು ಒಂಬತ್ತು ತಿಂಗಳಿಂದ ಇಟ್ಟುಕೊಂಡಿದ್ದೇನೆ. ಲಾಯರಮ್ಮನಿಗೂ ಹೇಳಿಲ್ಲ. ಹೇಳಿದ್ದರೆ ನೀನು ಒಳ್ಳೆಯವಳಾಗುತ್ತಿದ್ದೆ, ನನಗೆ ಅದು ಬೇಕಿರಲಿಲ್ಲ. ಈಗ ಹೇಳಿದರೆ ನಿನಗೆ ನೋವಾಗುತ್ತದೆ ಅಂತ ಗೊತ್ತು. ಆದರೂ ಅದು ನಿನಗೆ ಸೇರಿದ್ದು. ನನ್ನ ಹತ್ತಿರ ಇರಬಾರದು.

ಅಪ್ಪನ ಪಕ್ಕ ಬೆಂಚಿನಲ್ಲಿ ಹೊಲಿಗೆ ಕೆಲಸದ ಒಬ್ಬ ಹೆಂಗಸು ಕೂತಿದ್ದಳು. ಅವರು ಹೋದ ಮರುದಿನ ನನ್ನನ್ನು ಹುಡುಕಿಕೊಂಡು ಬಂದು ಹೇಳಿದಳು. ಅವಳು ಬಂದದ್ದು ಒಂದೂವರೆಗೆ. ಎರಡೂವರೆಗೇ ಅವಳನ್ನು ಕರೆದರಂತೆ. ತೋರಿಸಿಕೊಂಡು, ಔಷಧಿಗೆ ಕಾಯಲು ಮತ್ತೆ ಬೆಂಚಿಗೆ ಬಂದರೆ ಅಪ್ಪ ಅಲ್ಲೇ ಇದ್ದರು, ಎದೆ ನೀವಿಕೊಳ್ಳುತ್ತಾ. ‘ಯಜಮಾನ್ರೇ, ನೀವು ನನಗಿಂತ ಮುಂಚೆ ಬಂದವರು. ಏನೋ ತಪ್ಪಾಗಿದೆ. ಆ ಸಿಸ್ಟರ್‌ಗೆ ಹೋಗಿ ಹೇಳ್ಲಾ?’ ಅಂದಳಂತೆ.

ಅಪ್ಪ ಕಂಬದ ಪಕ್ಕದಿಂದ ಬಗ್ಗಿ ನಿನ್ನ ಮೇಜಿನ ಕಡೆ ನೋಡಿ ನಕ್ಕರಂತೆ. ‘ಬೇಡಮ್ಮಾ. ಅವಳು ನನ್ನ ಮಗಳು. ಸಾಲು ತಪ್ಪಿಸೋಳಲ್ಲ. ಕರೀತಾಳೆ ಬಿಡು.’

ತಮ್ಮ